ಡೊಳ್ಳಿನ ನಾದವೂ ದೊಡ್ಡ ಧ್ವನಿವರ್ಧಕಗಳ ಪರೀಕ್ಷೆಯೂ

೧

ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲೂಕಿಗೆ ಸೇರಿದ ಕಾಗಿನೆಲೆಯು ಕನಕದಾಸರ ಹೆಸರಿನೊಡನೆ ಬೆಸೆದಿರುವ ಕ್ಷೇತ್ರವೆಂಬುದು ಕನ್ನಡಿಗರೆಲ್ಲರಿಗೂ ವಿದಿತವಾದ ಸಂಗತಿ. ಆದಿಕೇಶವನ ಸನ್ನಿಧಿಯೂ ಕನಕ ಗುರುಪೀಠವೂ ಇರುವ ಈ ಸೀಮೆಯಲ್ಲಿ ಹಾಲುಮತದವರ ವಾದ್ಯವಾದ ಡೊಳ್ಳಿಗೆ ವಿಶೇಷವಾದ ಮನ್ನಣೆಯುಂಟು. ಶಿವನು ಡೊಳ್ಳಾಸುರನನ್ನು ಸಂಹರಿಸಿ ಅವನ ಚರ್ಮದಿಂದ ಈ ವಾದ್ಯವನ್ನು ಮಾಡಿದನೆಂದು ಐತಿಹ್ಯವು ಹೇಳುತ್ತದೆ. ಬೀರದೇವರ ಜಾತ್ರೆಯಲ್ಲಿಯೂ ಕನಕಜಯಂತಿಯ ಮೆರವಣಿಗೆಯಲ್ಲಿಯೂ ಕುಣಿತದವರು ವರ್ತುಲವಾಗಿ ನಿಂತು, ಒಂದು ಮುಖವನ್ನು ಕೋಲಿನಿಂದಲೂ ಇನ್ನೊಂದನ್ನು ಕೈಯಿಂದಲೂ ಬಾರಿಸುತ್ತ ಹೆಜ್ಜೆ ಹಾಕುವುದನ್ನು ಕಂಡವರಿಗೆ ಇದು ಬಯಲಿಗಾಗಿಯೇ ಹುಟ್ಟಿದ ವಾದ್ಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಂದು ಈ ನಾದವು ಜನರ ಕಿವಿಗೆ ಎರಡು ಮಾರ್ಗಗಳಿಂದ ತಲುಪುತ್ತಿದೆ. ಒಂದು, ಕಲಾವಿದನ ಕೈಯಿಂದ ನೇರವಾಗಿ. ಮತ್ತೊಂದು, ಮುದ್ರಿತವಾಗಿ, ಅನೇಕ ವೇಳೆ ವಿದ್ಯುನ್ಮಾನದ ತಾಳಗಳೊಡನೆ ಬೆರೆತು, ಮೆರವಣಿಗೆಯ ವಾಹನಗಳ ಮೇಲೆ ಹೇರಿದ ದೊಡ್ಡ ಧ್ವನಿವರ್ಧಕಗಳ ಮೂಲಕ. ಈ ಎರಡನೆಯ ಮಾರ್ಗದಲ್ಲಿ, ಪ್ರತಿಗಳೆಲ್ಲಕ್ಕೂ ಮಾತೃಕೆಯಾಗುವ ಕಡೆಯ ಮುದ್ರಣವೊಂದಿರುತ್ತದೆ. ಅದನ್ನು ಮಾಸ್ಟರ್ ಎಂದು ಕರೆಯುವುದು ರೂಢಿ. ಮಾಸ್ಟರಿನಲ್ಲಿ ಉಳಿದ ದೋಷವು ಎಲ್ಲ ಪ್ರತಿಗಳಲ್ಲಿಯೂ ಉಳಿಯುವುದು. ಆದುದರಿಂದ ಅದನ್ನು ಎಲ್ಲಿ, ಯಾವ ಉಪಕರಣದ ಮೇಲೆ, ಹೇಗೆ ಕೇಳಿ ಪರೀಕ್ಷಿಸಬೇಕೆಂಬ ಪ್ರಶ್ನೆಯು ಕೇವಲ ಯಂತ್ರಜ್ಞರ ಪ್ರಶ್ನೆಯಲ್ಲ. ಡೊಳ್ಳಿನ ನಿಜವಾದ ದನಿ ಉಳಿಯುವುದೋ ಅಳಿಯುವುದೋ ಎಂಬುದೂ, ಕೇಳುವವರ ಕಿವಿಯ ಆರೋಗ್ಯವೂ ಅದರೊಳಗೆ ಅಡಗಿವೆ.

೨

ಮಾಸ್ಟರ್ ಸಿದ್ಧವಾಗುವುದು ಸಾಧಾರಣವಾಗಿ ಸಣ್ಣ ಕೊಠಡಿಯಲ್ಲಿ, ಸಣ್ಣ ಧ್ವನಿವರ್ಧಕಗಳ ಮುಂದೆ. ಅಲ್ಲಿ ಮೊದಲನೆಯ ಭ್ರಾಂತಿಯು ಹುಟ್ಟುತ್ತದೆ. ಸಾಧಾರಣ ಉಷ್ಣತೆಯ ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು ೩೪೩ ಮೀಟರು ಸಾಗುತ್ತದೆ. ಸೆಕೆಂಡಿಗೆ ೧,೦೦೦ ಕಂಪನಗಳುಳ್ಳ, ಎಂದರೆ ೧,೦೦೦ ಹರ್ಟ್ಸ್ ಆವೃತ್ತಿಯ, ಸ್ವರದ ಅಲೆಯ ಉದ್ದವು ೩೪ ಸೆಂಟಿಮೀಟರು ಮಾತ್ರ. ೫೦ ಹರ್ಟ್ಸಿನ ಮಂದ್ರಸ್ವರದ ಅಲೆಯಾದರೋ ಹತ್ತಿರ ಹತ್ತಿರ ೭ ಮೀಟರು. ಮೂರೂವರೆ ಮೀಟರು ಉದ್ದದ ಕೊಠಡಿಯೊಳಗೆ ಈ ಅಲೆಯ ಅರ್ಧಭಾಗವು ಸರಿಯಾಗಿ ಹಿಡಿಸುವುದರಿಂದ, ಎದುರು ಬದುರಾದ ಗೋಡೆಗಳ ನಡುವೆ ಅದು ನಿಂತ ಅಲೆಯಾಗಿ ಪರಿಣಮಿಸುತ್ತದೆ. ಆಗ ಗೋಡೆಯ ಬಳಿ ಕುಳಿತವನಿಗೆ ಆ ಸ್ವರವು ಅತಿಯಾಗಿ ಕೇಳಿಸುವುದು. ಕೊಠಡಿಯ ನಡುವೆ ಕುಳಿತವನಿಗೆ ಬಹುಮಟ್ಟಿಗೆ ಕೇಳಿಸದೆಯೇ ಹೋಗುವುದು. ಸ್ವರವು ಒಂದೇ, ಮುದ್ರಣವೂ ಒಂದೇ. ಆಸನ ಮಾತ್ರ ಬೇರೆ.

ನಡುವೆ ಕುಳಿತ ಯಂತ್ರಜ್ಞನು ಮಂದ್ರವು ಸಾಲದೆಂದು ಬಗೆದು ಅದನ್ನು ಹೆಚ್ಚಿಸುತ್ತಾನೆ. ಆ ಮುದ್ರಣವು ಊರ ಮುಂದಿನ ಬಯಲಿಗೆ ಬಂದಾಗ, ಅಲ್ಲಿ ಆ ಗೋಡೆಗಳೂ ಇಲ್ಲ, ಆ ಕೊರತೆಯೂ ಇಲ್ಲ. ಹೆಚ್ಚಿಸಿದ ಭಾಗವಷ್ಟೇ ಉಳಿದು, ಡೊಳ್ಳಿನ ಒಡಲಿನ ಗುಂಯ್ಕಾರವು ಕೋಲಿನ ಪೆಟ್ಟನ್ನು ನುಂಗಿಬಿಡುತ್ತದೆ. ಕೊಠಡಿಗೆ ಹೊಂದಿಸಿದ ತೀರ್ಪು ಬಯಲಿಗೆ ಸಲ್ಲದು.

ಎರಡನೆಯ ಭ್ರಾಂತಿಯು ಕಿವಿಯಲ್ಲಿಯೇ ಇರುವುದು. ಮನುಷ್ಯನ ಕಿವಿಯು ಎಲ್ಲ ಸ್ವರಗಳನ್ನೂ ಸಮವಾಗಿ ಗ್ರಹಿಸುವುದಿಲ್ಲವೆಂಬುದನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬುವರು ೧೯೩೩ರಲ್ಲಿ ಪ್ರಯೋಗಪೂರ್ವಕವಾಗಿ ಪ್ರಕಟಿಸಿದರು. ಆ ಬಳಿಕ ಪರಿಷ್ಕೃತವಾದ ಅಂತರರಾಷ್ಟ್ರೀಯ ಪ್ರಮಾಣಗಳಂತೆ, ೧,೦೦೦ ಹರ್ಟ್ಸಿನ ಸ್ವರವು ೪೦ ಡೆಸಿಬಲ್ ಮಟ್ಟದಲ್ಲಿ ಮೆಲುವಾಗಿ ಕೇಳಿಸುವಾಗ, ಅಷ್ಟೇ ಗಟ್ಟಿಯಾಗಿ ಕೇಳಿಸಲು ೫೦ ಹರ್ಟ್ಸಿನ ಸ್ವರಕ್ಕೆ ಸುಮಾರು ೩೮ ಡೆಸಿಬಲ್ ಹೆಚ್ಚಿನ ಮಟ್ಟ ಬೇಕಾಗುವುದು. ಮೊದಲನೆಯ ಸ್ವರವನ್ನು ೮೦ ಡೆಸಿಬಲ್ಲಿಗೆ ಏರಿಸಿದರೆ ಈ ಅಂತರವು ಸುಮಾರು ೨೨ಕ್ಕೆ ಇಳಿಯುತ್ತದೆ. ಎಂದರೆ, ಶಬ್ದವು ಏರಿದಂತೆಲ್ಲ ಮಂದ್ರವು ತಾನಾಗಿಯೇ ಮುಂದಕ್ಕೆ ಬರುತ್ತದೆ. ಮೆಲುದನಿಯಲ್ಲಿ ಕೇಳುತ್ತ ಹದಗೊಳಿಸಿದ ನೃತ್ಯವಾದ್ಯವು ಮೆರವಣಿಗೆಯ ಮಟ್ಟದಲ್ಲಿ ಹದತಪ್ಪಿ ಕೇಳಿಸುವುದಕ್ಕೆ ಇದೊಂದು ಮುಖ್ಯ ಕಾರಣ.

೩

ಚರ್ಮವಾದ್ಯಗಳ ವಿಷಯದಲ್ಲಿ ಮೂರನೆಯ ತೊಡಕೊಂದುಂಟು. ಕೈಯಲ್ಲಿ ಹಿಡಿಯುವ ದೂರವಾಣಿಯ ಪುಟ್ಟ ಧ್ವನಿವರ್ಧಕವು ಮಂದ್ರಸ್ವರಗಳನ್ನು ಹೊರಡಿಸಲಾರದು. ಆದರೂ ಅದರಲ್ಲಿ ಗಾಯಕನ ಕಂಠವೋ ತಂತಿವಾದ್ಯವೋ ಕೇಳಿದಾಗ ಮೂಲಸ್ವರವು ಇದ್ದಂತೆಯೇ ತೋರುವುದು. ಅವುಗಳ ಉಪಸ್ವರಗಳು ಮೂಲಸ್ವರದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಎಂಬ ಪೂರ್ಣಾಂಕಗಳ ಕ್ರಮದಲ್ಲಿರುವುದರಿಂದ, ಇಲ್ಲದ ಮೂಲವನ್ನು ಶ್ರವಣೇಂದ್ರಿಯವು ತಾನೇ ಊಹಿಸಿಕೊಳ್ಳುತ್ತದೆ. ಲೇಪವಿಲ್ಲದ ಚರ್ಮದಲ್ಲಿ ಈ ಕ್ರಮವಿಲ್ಲ. ಸಮನಾಗಿ ಬಿಗಿದ ವರ್ತುಲಾಕಾರದ ಪೊರೆಯ ಸ್ವರಗಳು, ಗಣಿತದ ಪ್ರಕಾರ, ೧, ೧.೫೯, ೨.೧೪, ೨.೩೦ ಎಂಬ ಪ್ರಮಾಣದಲ್ಲಿ ಏರುತ್ತವೆ. ಮೃದಂಗ, ತಬಲಗಳ ಕಪ್ಪು ಲೇಪವು ಈ ಪ್ರಮಾಣಗಳನ್ನು ಪೂರ್ಣಾಂಕಗಳ ಬಳಿಗೆ ತರುವುದೆಂಬುದನ್ನು ಚಂದ್ರಶೇಖರ ವೆಂಕಟರಾಮನ್ ಅವರು ೧೯೨೦ರಲ್ಲಿ ಶಿವಕಾಲಿ ಕುಮಾರ್ ಅವರೊಡನೆ ಬರೆದ ಲೇಖನದಲ್ಲಿಯೂ, ೧೯೩೪ರಲ್ಲಿ ಬೆಂಗಳೂರಿನ ವಿಜ್ಞಾನ ಅಕಾಡೆಮಿಯ ನಡೆವಳಿಗಳಲ್ಲಿಯೂ ವಿಶದಪಡಿಸಿರುವರು. ಅಂತಹ ಲೇಪದ ನೆರವಿಲ್ಲದ ವಾದ್ಯವನ್ನು ಸಣ್ಣ ಉಪಕರಣದಲ್ಲಿ ಕೇಳಿದರೆ ಕೋಲಿನ ಟಕಟಕ ಸದ್ದು ಮಾತ್ರ ಉಳಿಯುವುದು ಸಹಜ. ಅದನ್ನು ನಂಬಿ ಮಂದ್ರವನ್ನು ಅಳೆಯಹೊರಡುವುದು, ನೆರಳನ್ನು ನೋಡಿ ಆಳಿನ ತೂಕವನ್ನು ಹೇಳಿದಂತೆಯೇ ಸರಿ.

೪

ಈ ಭ್ರಾಂತಿಗಳನ್ನು ಕುಣಿತದ ಕಣದಲ್ಲಿಯೇ ಪರಿಹರಿಸಿಕೊಳ್ಳುವ ಪದ್ಧತಿಯು ಹೊಸದಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜಮೈಕಾ ದ್ವೀಪದ ಸಂಗೀತಗಾರರು ಬೀದಿ ಬಯಲುಗಳಲ್ಲಿ ಭಾರಿ ಧ್ವನಿವರ್ಧಕಗಳನ್ನು ಹೂಡಿ ಜನರನ್ನು ಕುಣಿಸುತ್ತಿದ್ದರು. ಅವರು ಹೊಸ ಹಾಡನ್ನು ಮಾರಾಟಕ್ಕೆ ಬಿಡುವ ಮೊದಲು ಮೆದು ಲೇಪವುಳ್ಳ ತಟ್ಟೆಯೊಂದರ ಮೇಲೆ ಒಂದೇ ಪ್ರತಿಯನ್ನು ಕೊರೆದು, ಅದನ್ನು ಆ ಕಣದಲ್ಲಿ ನುಡಿಸಿ, ಕುಣಿಯುವವರ ಕಾಲು ಏನೆನ್ನುವುದೆಂದು ನೋಡುತ್ತಿದ್ದರು. ಈ ತಟ್ಟೆಗೆ ಡಬ್‌ಪ್ಲೇಟ್ ಎಂಬ ಹೆಸರು. ನ್ಯೂಯಾರ್ಕ್ ನಗರದಲ್ಲಿ ೧೯೭೭ರಿಂದ ೧೯೮೭ರವರೆಗೆ ನಡೆದ ಪ್ಯಾರಡೈಸ್ ಗರಾಜ್ ಎಂಬ ನೃತ್ಯಶಾಲೆಯು ರಿಚರ್ಡ್ ಲಾಂಗ್ ರಚಿಸಿದ ಧ್ವನಿವ್ಯವಸ್ಥೆಯಿಂದಲೂ, ಅದನ್ನು ನುಡಿಸುತ್ತಿದ್ದ ಲ್ಯಾರಿ ಲೆವಾನನಿಂದಲೂ ಪ್ರಸಿದ್ಧವಾಯಿತು. ಹೊಸ ಮುದ್ರಣಗಳಿಗೆ ಅಂತಹ ಶಾಲೆಯೇ ಒರೆಗಲ್ಲಾಗಿದ್ದಿತು.

ಕನ್ನಡನಾಡಿನ ಜಾನಪದ ವಾದ್ಯಗಾರನಿಗೂ ಈ ನಿಯಮವು ಅಪರಿಚಿತವಲ್ಲ. ಹಲಗೆಯವನು ಬಾರಿಸುವ ಸ್ಥಳದಲ್ಲಿಯೇ ಬೆಂಕಿಗೆ ಚರ್ಮವನ್ನು ಕಾಯಿಸಿಕೊಳ್ಳುತ್ತಾನೆ. ಡೊಳ್ಳಿನವನು ಹಗ್ಗವನ್ನು ಬಿಗಿದು, ಒಂದೆರಡು ಪೆಟ್ಟು ಹಾಕಿ, ಕಿವಿಗೊಟ್ಟು, ಮತ್ತೆ ಬಿಗಿಯುತ್ತಾನೆ. ಅಂದಿನ ಗಾಳಿಯ ತೇವಕ್ಕೂ ಬಿಸಿಲಿಗೂ ಒಪ್ಪುವಂತೆ ವಾದ್ಯವನ್ನು ಅಣಿಗೊಳಿಸುವ ಈ ಕ್ರಿಯೆಯೇ ಪರೀಕ್ಷೆಯ ಮೂಲರೂಪ. ಮುದ್ರಣಕ್ಕೆ ಬಂದಾಗ ಅದನ್ನು ಬಿಡುವುದಕ್ಕೆ ಕಾರಣವಿಲ್ಲ.

೫

ದೊಡ್ಡ ಧ್ವನಿವರ್ಧಕಗಳ ಮೇಲೆ ಮಾಸ್ಟರನ್ನು ಪರೀಕ್ಷಿಸುವ ಕ್ರಮವನ್ನು ಹೀಗೆ ಸಂಗ್ರಹಿಸಬಹುದು.

ಮೊದಲನೆಯದಾಗಿ, ಉಪಕರಣವನ್ನೇ ಅರಿಯಬೇಕು. ಚೆನ್ನಾಗಿ ಬಲ್ಲ, ಅನೇಕ ಕಡೆ ಕೇಳಿ ಒಪ್ಪಿದ ಬೇರೊಂದು ಮುದ್ರಣವನ್ನು ಮೊದಲು ನುಡಿಸಬೇಕು. ಅದರಲ್ಲಿಯೂ ಮಂದ್ರವು ಅತಿಯಾಗಿ ಕೇಳಿಸಿದರೆ ದೋಷವು ವ್ಯವಸ್ಥೆಯದೇ ಹೊರತು ಮಾಸ್ಟರಿನದಲ್ಲ. ಎರಡನ್ನೂ ಸಮಾನವಾದ ಮಟ್ಟದಲ್ಲಿ ನುಡಿಸುವುದು ಅವಶ್ಯ. ತುಸು ಗಟ್ಟಿಯಾದುದೇ ಉತ್ತಮವೆಂದು ತೋರುವುದು ಕಿವಿಯ ಸ್ವಭಾವವಾಗಿದೆ.

ಎರಡನೆಯದಾಗಿ, ಒಂದೇ ಕಡೆ ನಿಂತು ತೀರ್ಮಾನಿಸಬಾರದು. ವೇದಿಕೆಯ ಎಡಬಲಗಳಲ್ಲಿ ಮಂದ್ರದ ಪೆಟ್ಟಿಗೆಗಳನ್ನು ಇಟ್ಟಾಗ, ನಟ್ಟನಡುವಿನ ಗೆರೆಯಲ್ಲಿ ಎರಡರ ಅಲೆಗಳೂ ಒಟ್ಟಿಗೆ ಬಂದು ಸೇರಿ ಬಲಗೊಳ್ಳುತ್ತವೆ. ಒಂದು ಪೆಟ್ಟಿಗೆಯ ದೂರವು ಇನ್ನೊಂದಕ್ಕಿಂತ ಸುಮಾರು ೩.೪ ಮೀಟರು ಹೆಚ್ಚಾಗಿರುವ ಜಾಗದಲ್ಲಿ ೫೦ ಹರ್ಟ್ಸಿನ ಒಂದು ಅಲೆಯ ಉಬ್ಬು ಮತ್ತೊಂದರ ತಗ್ಗಿನ ಮೇಲೆ ಬಿದ್ದು, ಎರಡೂ ಕುಂದುತ್ತವೆ. ಆದಕಾರಣ ಕಣದ ನಡುವೆ, ಅಂಚಿನಲ್ಲಿ, ಹಿಂದೆ ಎಲ್ಲೆಡೆ ನಡೆದಾಡಿ ಕೇಳಬೇಕು. ಸ್ಥಳದಿಂದ ಸ್ಥಳಕ್ಕೆ ಬದಲಾಗುವುದು ವ್ಯವಸ್ಥೆಯ ಗುಣ. ಎಲ್ಲೆಡೆಯೂ ಬೆನ್ನುಬಿಡದೆ ಬರುವುದು ಮಾಸ್ಟರಿನ ಗುಣ. ಪರೀಕ್ಷಕನು ಬೇರ್ಪಡಿಸಬೇಕಾದುದು ಇವೆರಡನ್ನೇ.

ಮೂರನೆಯದಾಗಿ, ಎಡ ಬಲ ವಾಹಿನಿಗಳನ್ನು ಒಂದಾಗಿಸಿ ಕೇಳಬೇಕು. ದೊಡ್ಡ ಕಣಗಳಲ್ಲಿ ಮಂದ್ರವನ್ನು ಬಹುಧಾ ಒಂದೇ ವಾಹಿನಿಯಾಗಿ ನುಡಿಸುವರು. ಎರಡು ಧ್ವನಿಗ್ರಾಹಕಗಳಿಂದ ಡೊಳ್ಳಿನ ಎರಡು ಮುಖಗಳನ್ನು ಮುದ್ರಿಸಿದ್ದಲ್ಲಿ, ಅವುಗಳ ಅಲೆಗಳು ಪರಸ್ಪರ ವಿರುದ್ಧವಾಗಿದ್ದರೆ, ಒಂದಾಗಿಸಿದೊಡನೆ ನಾದವು ಟೊಳ್ಳಾಗುವುದು. ಬಿರುತಟ್ಟೆಗಳ ಕಾಲದಲ್ಲಿ ಇಂತಹ ಮಂದ್ರವು ಗೆರೆಯ ಆಳವನ್ನು ಏರುಪೇರುಗೊಳಿಸಿ ಮುಳ್ಳನ್ನೇ ಹಾರಿಸುತ್ತಿದ್ದುದರಿಂದ, ತಟ್ಟೆ ಕೊರೆಯುವವರು ಕೆಳಗಿನ ಸ್ವರಗಳನ್ನು ನಡುವಿಗೆ ತಂದು ಕೂಡಿಸುತ್ತಿದ್ದರು.

ನಾಲ್ಕನೆಯದಾಗಿ, ಪೆಟ್ಟಿಗೂ ಗುಂಯ್ಕಾರಕ್ಕೂ ಇರುವ ನಂಟನ್ನು ಗಮನಿಸಬೇಕು. ಕೋಲಿನ ಪೆಟ್ಟನ್ನು ಮೇಲಿನ ಪೆಟ್ಟಿಗೆಗಳೂ ಒಡಲಿನ ನಾದವನ್ನು ಕೆಳಗಿನ ದೊಡ್ಡ ಪೆಟ್ಟಿಗೆಗಳೂ ಹೊರಡಿಸುತ್ತವೆ. ಇವೆರಡೂ ಒಂದೇ ವಾದ್ಯದಿಂದ ಒಂದೇ ಕ್ಷಣದಲ್ಲಿ ಬಂದಂತೆ ಕೇಳಿಸಬೇಕು. ಒಂದು ಪೆಟ್ಟಿನ ಗುಂಯ್ಕಾರವು ಮುಂದಿನ ಪೆಟ್ಟಿಗೆ ಎಡೆಗೊಡಬೇಕು. ಹಲವು ಡೊಳ್ಳುಗಳು ಒಟ್ಟಿಗೆ ನುಡಿಯುವಾಗ ಲಯವು ಕಾಣುವುದು ಈ ಎಡೆಯಲ್ಲಿಯೇ.

ಐದನೆಯದಾಗಿ, ಮೊದಲು ಮಿತವಾದ ಮಟ್ಟದಲ್ಲಿ, ಬಳಿಕ ಸ್ವಲ್ಪಕಾಲ ಮಾತ್ರ ಕಣದ ಮಟ್ಟದಲ್ಲಿ ಕೇಳಿ, ಕಿವಿಗೆ ವಿಶ್ರಾಂತಿ ಕೊಟ್ಟು, ಮಾರನೆಯ ದಿನ ಮತ್ತೊಮ್ಮೆ ಕೇಳಿದ ಮೇಲೆ ತಿದ್ದಬೇಕು. ದಣಿದ ಕಿವಿಯು ತೀರ್ಪುಗಾರನಾಗಲಾರದು. ಕಡೆಗೆ, ಒಂದು ವ್ಯವಸ್ಥೆಯಲ್ಲಿ ಕಂಡ ದೋಷವು ಇನ್ನೊಂದರಲ್ಲಿಯೂ ಕಂಡಾಗಲೇ ಮಾಸ್ಟರಿಗೆ ಕೈಹಚ್ಚುವುದು ಯುಕ್ತ.

೬

ಈ ಶ್ರಮವನ್ನು ಉಳಿಸಿಕೊಂಡರೆ ನಷ್ಟವೇನೆಂದು ಕೇಳಬಹುದು. ಕೊಠಡಿಯ ಭ್ರಾಂತಿಯಿಂದ ಮಂದ್ರವು ೬ ಡೆಸಿಬಲ್ಲಿನಷ್ಟು ಹೆಚ್ಚಾಗಿ ಮುದ್ರಿತವಾದರೆ, ಅದನ್ನು ಹೊರಡಿಸಲು ವರ್ಧಕಯಂತ್ರಕ್ಕೆ ಸುಮಾರು ನಾಲ್ಕರಷ್ಟು ಶಕ್ತಿ ಬೇಕು. ಅಷ್ಟು ಶಕ್ತಿ ಇಲ್ಲದಾಗ ಯಂತ್ರದ ರಕ್ಷಣೆಗಾಗಿ ಇರಿಸಿದ ಲಿಮಿಟರ್ ಎಂಬ ಸಾಧನವು ಸಂಗೀತವನ್ನು ಒತ್ತಿಹಿಡಿಯುತ್ತದೆ. ಪೆಟ್ಟಿನ ಮೊನೆ ಮೊಂಡಾಗುವುದು. ಸ್ಪಷ್ಟತೆ ಇಲ್ಲವೆಂದು ನಡೆಸುವವನು ಮಟ್ಟವನ್ನು ಮತ್ತೂ ಏರಿಸುತ್ತಾನೆ. ಹೀಗೆ ಮಾಸ್ಟರಿನ ತಪ್ಪು ಬೀದಿಯ ಗದ್ದಲವಾಗಿ ಬೆಳೆಯುವುದು.

ಭಾರತದ ೨೦೦೦ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ೧೦ರಿಂದ ಬೆಳಗಿನ ೬ರವರೆಗೆ ಬಯಲಿನಲ್ಲಿ ಧ್ವನಿವರ್ಧಕಗಳನ್ನು ನಿಷೇಧಿಸಿ, ಉತ್ಸವಾದಿಗಳಿಗಾಗಿ ವರ್ಷದಲ್ಲಿ ಕೆಲವೇ ದಿನ ಮಧ್ಯರಾತ್ರಿಯವರೆಗೆ ಸಡಿಲಿಸಲು ರಾಜ್ಯಗಳಿಗೆ ಅವಕಾಶವಿತ್ತಿವೆ. ವಸತಿ ಪ್ರದೇಶದ ಮಿತಿಯು ಹಗಲು ೫೫, ರಾತ್ರಿ ೪೫ ಡೆಸಿಬಲ್. ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಗಣೇಶೋತ್ಸವದ ಕಾಲಕ್ಕೆ ಡಿಜೆ ವ್ಯವಸ್ಥೆಗಳನ್ನು ನಿಷೇಧಿಸಿ ಆಜ್ಞೆಗಳು ಹೊರಟಿರುವುದುಂಟು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನಿಯಮವು ಅವಲಂಬಿಸುವ ‘ಎ’ ತೂಕದ ಮಾಪನವು ೫೦ ಹರ್ಟ್ಸಿನ ಸ್ವರದಲ್ಲಿ ಸುಮಾರು ೩೦ ಡೆಸಿಬಲ್ಲುಗಳನ್ನು ಕಳೆದು ಲೆಕ್ಕ ಹಾಕುತ್ತದೆ. ೧೦೦ ಡೆಸಿಬಲ್ಲಿನ ಆ ಮಂದ್ರಸ್ವರವು ಮಾಪಕದಲ್ಲಿ ೭೦ ಎಂದು ಕಾಣುವುದು. ಗೋಡೆಗಳೂ ಕಿಟಕಿಗಳೂ ತಡೆಯಲು ಎಲ್ಲಕ್ಕಿಂತ ಅಸಮರ್ಥವಾಗಿರುವುದು ಇದೇ ಸ್ವರಗಳನ್ನು. ಹೀಗಾಗಿ ಮಾಪಕವು ಸುಮ್ಮನಿದ್ದರೂ ನೆರೆಮನೆಯ ತೊಟ್ಟಿಲ ಕೂಸು ಬೆಚ್ಚಬಹುದು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೨ರಲ್ಲಿ ಸಂಗೀತಸ್ಥಳಗಳಿಗಾಗಿ ಸೂಚಿಸಿದ ಪ್ರಮಾಣದಲ್ಲಿ, ೧೫ ನಿಮಿಷಗಳ ಸರಾಸರಿಯು ೧೦೦ ಡೆಸಿಬಲ್ಲನ್ನು ಮೀರಬಾರದೆಂದಿದೆ. ಅದು ನೆಮ್ಮದಿಯ ಮಟ್ಟವಲ್ಲ, ಮೇರೆ. ಕುಣಿಯುವವರಿಗೂ ನೆರೆಯವರಿಗೂ ಆಗುವ ಕೇಡನ್ನು ಕಾನೂನು ಹೊರಗಿನಿಂದ ತಡೆಯುವುದಾದರೆ, ಹದವಾದ ಮಾಸ್ಟರ್ ಒಳಗಿನಿಂದ ತಡೆಯಬಲ್ಲುದು. ಸ್ಪಷ್ಟವಾಗಿ ಕೇಳಿಸುವ ಪೆಟ್ಟನ್ನು ಏರಿಸುವ ಅಗತ್ಯವೇ ಬೀಳದು.

ಇಷ್ಟರಿಂದ ಫಲಿಸುವ ತಾತ್ಪರ್ಯವಿದು: ಯಾವ ಸಂಗೀತವು ಎಲ್ಲಿ ಕುಣಿಸಬೇಕೋ ಅಲ್ಲಿಯೇ ಅದನ್ನು ಒರೆಗೆ ಹಚ್ಚಬೇಕು. ಈ ಪರೀಕ್ಷೆಗೆ ಎಲ್ಲಕ್ಕಿಂತ ನಂಬುಗೆಯ ಪ್ರಮಾಣವೊಂದು ಕಾಗಿನೆಲೆಯಂತಹ ಊರುಗಳಲ್ಲಿ ಸುಲಭವಾಗಿ ದೊರೆಯುವುದು. ಮುದ್ರಿತ ಡೊಳ್ಳನ್ನು ಬಯಲಿನಲ್ಲಿ ನುಡಿಸಿ, ಅದೇ ಬಯಲಿನಲ್ಲಿ ಬಲ್ಲವನೊಬ್ಬನಿಂದ ನಿಜವಾದ ಡೊಳ್ಳನ್ನು ಬಾರಿಸಿ, ಎರಡನ್ನೂ ಕೇಳಬೇಕು. ಕಿವಿಯ ಜೊತೆಗೆ ಕಾಲೂ ಒಪ್ಪುವ ಮುದ್ರಣಕ್ಕೆ ಬೇರೆ ಪ್ರಮಾಣಪತ್ರವು ಬೇಕಾಗಿಲ್ಲ.