ಎಳೆಯ ತೋಳೂ ಜನರ ಕೂಗೂ

ಅಮೆರಿಕಾ ದೇಶದ ಬೇಸ್‌ಬಾಲ್ ಆಟವನ್ನು ನಾವು ಮೈದಾನದಲ್ಲಿ ಕುಳಿತು ಕಂಡವರಲ್ಲ, ಓದಿ ತಿಳಿದವರು. ಆದರೂ ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಹುಡುಗರ ನಡುವೆಯೇ ಕಾಲ ಕಳೆದ ನಮಗೆ, ಆ ಆಟದ ಅಭಿಮಾನಿಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ವಾದವೊಂದು ಪರಕೀಯವೆಂದು ತೋರಲಿಲ್ಲ. ಚೆಂಡೆಸೆಯುವುದರಲ್ಲಿ ಅಸಾಧಾರಣ ಶಕ್ತಿಯುಳ್ಳ ಬಾಲಕನು ಕಣ್ಣಿಗೆ ಬಿದ್ದರೆ ಅವನನ್ನು ಒಡನೆಯೇ ದೊಡ್ಡವರ ತಂಡಕ್ಕೆ ತರಬಹುದೇ, ಕೆಲವು ವರ್ಷ ಕಾಯಬೇಕೇ ಎಂಬುದೇ ಆ ವಾದ.

ಚೆಂಡೆಸೆಯುವವನಿಗೆ ಅಲ್ಲಿ ಪಿಚರ್ ಎಂದು ಹೆಸರು. ನಾವು ಬಲ್ಲ ಕ್ರಿಕೆಟ್ಟಿನ ಬೌಲರನು ಓಡಿಬಂದು ತೋಳನ್ನು ನೀಳವಾಗಿ ತಿರುಗಿಸುವನು. ಪಿಚರನಾದರೋ ಸಣ್ಣ ದಿಬ್ಬದ ಮೇಲೆ ನಿಂತು, ಮೊಣಕೈ ಮಡಿಸಿ, ಕವಣೆಯ ಕಲ್ಲಿನಂತೆ ಬೀಸುವನು. ಸೆಳೆತವನ್ನು ಮೊಣಕೈಯೂ ಭುಜವೂ ತಾಳಬೇಕು. ಎಲುಬು ಬಲಿಯದ ವಯಸ್ಸಿನಲ್ಲಿ ಇದು ಅತಿಯಾದರೆ ಕೀಲು ಕೆಡುವುದು.

ಕಾಯಬೇಕಾಗಿಲ್ಲ ಎನ್ನುವವರು ಬಾಬ್ ಫೆಲ್ಲರನನ್ನು ಉದಾಹರಿಸುವರು. ಅಯೋವಾ ಸೀಮೆಯ ಈ ರೈತನ ಮಗನು 1936ರಲ್ಲಿ, 17ನೆಯ ವಯಸ್ಸಿನಲ್ಲಿ, ಕ್ಲೀವ್‌ಲೆಂಡ್ ತಂಡಕ್ಕಾಗಿ ಪಂದ್ಯದ ಆರಂಭದಿಂದ ಚೆಂಡೆಸೆದ ಮೊದಲ ದಿನವೇ 15 ಸ್ಟ್ರೈಕ್‌ಔಟುಗಳನ್ನು ಗಳಿಸಿದನು, 1956ರವರೆಗೂ ಆಡಿದನು. ಕಾಯಬೇಕೆನ್ನುವವರು ಜೋ ನಕ್ಸ್‌ಹಾಲನನ್ನು ಮುಂದೊಡ್ಡುವರು. ಯುದ್ಧದಿಂದ ಆಟಗಾರರ ಕೊರತೆಯಾಗಿದ್ದ 1944ರಲ್ಲಿ ಸಿನ್ಸಿನಾಟಿ ತಂಡದವರು ಅವನನ್ನು ಕಣಕ್ಕಿಳಿಸಿದಾಗ ಅವನಿಗೆ ಇನ್ನೂ 16 ತುಂಬಿರಲಿಲ್ಲ. ಒಂದು ಇನ್ನಿಂಗ್ಸನ್ನೂ ಮುಗಿಸಲಾರದೆ, 5 ರನ್ನು ಬಿಟ್ಟುಕೊಟ್ಟು ಹಿಂದಿರುಗಿದನು.

ಆದರೆ ನಮಗೆ ಮುಖ್ಯವೆಂದು ಕಂಡದ್ದು ಬೇರೆ. ಫೆಲ್ಲರನು ಆ ಋತು ಮುಗಿದ ಮೇಲೆ ಊರಿಗೆ ಹೋಗಿ ಹೈಸ್ಕೂಲಿನ ಓದನ್ನು ಪೂರೈಸಿದನು. ನಕ್ಸ್‌ಹಾಲನನ್ನು ಕೆಳಗಿನ ತಂಡಗಳಿಗೆ ಕಳುಹಿಸಿದರು. 1952ರಲ್ಲಿ ಮರಳಿ ಬಂದು ಬಹುವರ್ಷ ಕೀರ್ತಿಯಿಂದ ಆಡಿದನು. ಇಬ್ಬರಿಗೂ ಹಿಂದಿರುಗಲು ಬಾಗಿಲು ತೆರೆದಿದ್ದಿತು. ಡೇವಿಡ್ ಕ್ಲೈಡನಿಗೆ ಅದು ಸಕಾಲದಲ್ಲಿ ತೆರೆಯಲಿಲ್ಲ.

ಟೆಕ್ಸಾಸ್ ರೇಂಜರ್ಸ್ ತಂಡವು 1972ರಲ್ಲಿ ವಾಷಿಂಗ್ಟನ್ನಿನಿಂದ ಆರ್ಲಿಂಗ್ಟನ್ ಎಂಬ ಊರಿಗೆ ಬಂದು ನೆಲೆಸಿದ್ದಿತು. ಸೋಲೇ ಹೆಚ್ಚು; ನೋಡುವವರು ಕಡಮೆ. ಮರುವರ್ಷ ಹ್ಯೂಸ್ಟನ್ನಿನ ಹೈಸ್ಕೂಲು ಹುಡುಗ ಕ್ಲೈಡನನ್ನು ಆರಿಸಿಕೊಂಡ ಯಜಮಾನರು, ಶಾಲೆಯ ಕಡೆಯ ಪಂದ್ಯವಾಗಿ ಮೂರು ವಾರವೂ ಕಳೆಯದೆ, ಜೂನ್ 27ರಂದು, 18 ವರ್ಷದ ಅವನನ್ನು ದಿಬ್ಬದ ಮೇಲೆ ನಿಲ್ಲಿಸಿದರು. 35,000ಕ್ಕೆ ಮೇಲ್ಪಟ್ಟು ಜನ ಕೂಡಿದರು. ದಾರಿಯಲ್ಲಿ ವಾಹನಗಳು ಕಿಕ್ಕಿರಿದುದರಿಂದ ಆಟವನ್ನೇ ತಡವಾಗಿ ಆರಂಭಿಸಬೇಕಾಯಿತು. ಹುಡುಗನು ಗೆದ್ದನು. ಎರಡು ಪಂದ್ಯವಾದ ಮೇಲೆ ಅವನನ್ನು ಕೆಳಗಿನ ತಂಡಕ್ಕೆ ಕಳುಹಿಸಿ ತಿದ್ದುವುದೆಂದು ಮೊದಲು ಗೊತ್ತಾಗಿದ್ದಿತು. ಟಿಕೀಟು ಹಾಗೆ ಮಾರಿಹೋಗುತ್ತಿರುವಾಗ ಕಳುಹಿಸುವವರು ಯಾರು? ಆ ವರ್ಷವೆಲ್ಲ ಆಡಿಸಿದರು. ಮುಂದೆ ಭುಜ ಕೆಟ್ಟಿತು. 18 ಗೆಲುವು, 33 ಸೋಲು. 1979ರಲ್ಲಿ, 24ನೆಯ ವಯಸ್ಸಿಗೆ, ದೊಡ್ಡ ಆಟವು ಮುಗಿದುಹೋಯಿತು.

ಅಂದು ಆರ್ಲಿಂಗ್ಟನ್ನಿನಲ್ಲಿ ಕೂಗಿದವರಲ್ಲಿ ಒಬ್ಬನಾದರೂ ಅವನ ತೋಳು ಕೆಡಲೆಂದು ಬಯಸಿರಲಾರನು. ಪ್ರೀತಿಯಿಂದಲೇ ಕೂಗಿದರು. ನಮ್ಮ ತರಗತಿಯಲ್ಲಿ ಇಂಪಾಗಿ ಹಾಡುತ್ತಿದ್ದ ಹುಡುಗನೊಬ್ಬನನ್ನು ನಾವೂ ಬಂದ ಬಂದ ಸಭೆಗಳಲ್ಲೆಲ್ಲ ಹಾಡಿಸಿದೆವು. ಧ್ವನಿಯೊಡೆಯುವ ಕಾಲದಲ್ಲಿಯೂ ಬಿಡಲಿಲ್ಲ. ಚಪ್ಪಾಳೆ ತಟ್ಟಿದವರಲ್ಲಿ ನಾವೇ ಮೊದಲಿಗರು.

ಜನರನ್ನು ಸೆಳೆಯಲು ಹುಡುಗನೊಂದು ಉಪಾಯವಾದರೆ, ಬೀರು ಮತ್ತೊಂದು. ಅದೇ ರೇಂಜರ್ಸ್ ತಂಡವು 1974ರ ಜೂನ್ 4ರಂದು ಕ್ಲೀವ್‌ಲೆಂಡಿಗೆ ಹೋದಾಗ ಅಲ್ಲಿಯವರು ಲೋಟಕ್ಕೆ 10 ಸೆಂಟಿನಂತೆ ಬೀರು ಮಾರಿದರು. ಹಿಂದಿನ ವಾರ ಟೆಕ್ಸಾಸಿನಲ್ಲಿ ಎರಡು ತಂಡಗಳಿಗೂ ಹೊಡೆದಾಟವಾಗಿದ್ದುದರಿಂದ ಜನರಲ್ಲಿ ಮೊದಲೇ ಕಾವು ಏರಿದ್ದಿತು. 25,000 ಜನ ಸೇರಿದರು. ಬತ್ತಲೆಯಾಗಿ ಮೈದಾನದಲ್ಲಿ ಓಡಿದವರುಂಟು. ಆಟಗಾರರ ಮೇಲೆ ಕೈಗೆ ಸಿಕ್ಕಿದ್ದನ್ನು ಎಸೆದವರುಂಟು. ಕಡೆಯ ಇನ್ನಿಂಗ್ಸಿನಲ್ಲಿ ಕ್ಲೀವ್‌ಲೆಂಡಿನವರು 5-5 ಸಮ ಮಾಡಿಕೊಂಡರು. ಇನ್ನೇನು ಗೆಲ್ಲುವ ಹೊತ್ತು. ಆಗ ಒಬ್ಬನು ನುಗ್ಗಿ ಟೆಕ್ಸಾಸಿನ ಜೆಫ್ ಬರೋಸನ ಟೋಪಿಗೆ ಕೈಹಾಕಿದನು. ತಮ್ಮವನು ಬಿದ್ದುದನ್ನು ಕಂಡ ತಂಡದ ಮುಖ್ಯಸ್ಥ ಬಿಲ್ಲಿ ಮಾರ್ಟಿನ್ನನು ದಾಂಡು ಹಿಡಿದ ಆಟಗಾರರೊಡನೆ ಓಡಿದನು. ನೂರಾರು ಮಂದಿ ಅವರನ್ನು ಮುತ್ತಿದರು. ಅವರನ್ನು ಬಿಡಿಸಲು ದಾಂಡು ಹಿಡಿದು ಬಂದವರಾರು? ಎದುರಾಳಿಗಳಾದ ಕ್ಲೀವ್‌ಲೆಂಡಿನ ಆಟಗಾರರೇ! ರಾತ್ರಿಯ ಆ ವೃತ್ತಾಂತದಲ್ಲಿ ಓದಿ ಸಂತೋಷಪಡತಕ್ಕದ್ದು ಇದೊಂದೇ. ಪೆಟ್ಟು ತಿಂದ ಅಂಪೈರ್ ನೆಸ್ಟರ್ ಚೈಲಾಕನು ಆಟವನ್ನು ನಿಲ್ಲಿಸಿ ಗೆಲುವನ್ನು ಟೆಕ್ಸಾಸಿಗೆ ಕೊಟ್ಟನು. ತಮ್ಮ ತಂಡದ ಮೇಲಣ ಅಭಿಮಾನದಿಂದ ಬಂದವರೇ ಆ ತಂಡವನ್ನು ಸೋಲಿಸಿದರು.

ತೋಳಿನ ವಿಷಯದಲ್ಲಿ ಅಮೆರಿಕಾದವರು ತಡವಾಗಿಯಾದರೂ ಒಂದು ಕಟ್ಟು ಮಾಡಿದರು. ಲಿಟಲ್ ಲೀಗ್ ಎಂಬ ಬಾಲಕರ ಆಟದಲ್ಲಿ 2007ರಿಂದ ಎಸೆತಗಳನ್ನೇ ಎಣಿಸುವರು. 11, 12 ವರ್ಷದವನಿಗೆ ದಿನಕ್ಕೆ 85. ಎಣಿಕೆಗೆಂದೇ ಒಬ್ಬರನ್ನು ನೇಮಿಸಿರುವರು. ಮಿತಿ ಮುಟ್ಟಿತೆಂದು ಅವರು ತಿಳಿಸಿದರೆ, ಸುತ್ತಲಿನ ಜನ ಎಷ್ಟು ಕೂಗಿದರೂ, ಎದುರಿಗಿರುವ ದಾಂಡಿಗನ ಸರದಿಯನ್ನು ಮುಗಿಸಿ ಹುಡುಗನು ಚೆಂಡನ್ನು ಇನ್ನೊಬ್ಬನ ಕೈಗೆ ಕೊಟ್ಟು ಬರತಕ್ಕದ್ದು.