ದೇವನೂರ ಮಹಾದೇವ: ಆಡುನುಡಿಯ ಕಥನಕಾರ

ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದ ಜನಪದ ಮಹಾಕಾವ್ಯವನ್ನು, ಕಂಸಾಳೆ ಎಂಬ ಕಂಚಿನ ತಾಳವನ್ನು ನುಡಿಸುತ್ತ ಹಾಡಿಕೊಂಡು ಬಂದ ದೇವರಗುಡ್ಡರ ಕಥನಪರಂಪರೆಯು ಆಧುನಿಕ ಕನ್ನಡ ಗದ್ಯದಲ್ಲಿ ಮರುಹುಟ್ಟು ಪಡೆದದ್ದು ದೇವನೂರ ಮಹಾದೇವರ ಬರವಣಿಗೆಯಲ್ಲಿ.

1948ರಲ್ಲಿ ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ ಜನಿಸಿದ ಅವರು, ‘ದ್ಯಾವನೂರು’ ಕಥಾಸಂಕಲನದಿಂದ ಗುರುತಿಸಿಕೊಂಡು, ಕಳೆದುಹೋದ ಹುಂಜವನ್ನು ಹುಡುಕುವ ಸಾಕವ್ವನ ಮನೆಯ ಹಸಿವನ್ನೂ ಘನತೆಯನ್ನೂ ‘ಒಡಲಾಳ’ ಎಂಬ ಕಿರುಕಾದಂಬರಿಯಲ್ಲಿ ಚಿತ್ರಿಸಿದರು. ದೀಪದ ಜೀವಗಳಾದ ಜೋತಮ್ಮಂದಿರೂ ಮಾತನಾಡುವ, ಸೀಮೆಯ ಆಡುನುಡಿಯಲ್ಲೇ ಸಾಗುವ ‘ಕುಸುಮಬಾಲೆ’ ಕಾದಂಬರಿಯು 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆಯಿತು. ಆ ಪ್ರಶಸ್ತಿಯನ್ನೂ 2011ರ ಪದ್ಮಶ್ರೀಯನ್ನೂ ಅಸಹಿಷ್ಣುತೆಯ ವಿರುದ್ಧದ ಪ್ರತಿಭಟನೆಯಾಗಿ ಅವರು 2015ರಲ್ಲಿ ಹಿಂದಿರುಗಿಸಿದರು.

ಬರೆದದ್ದು ಮಿತವಾದರೂ, ದಲಿತ ಬದುಕಿನ ನುಡಿಯನ್ನು ಕನ್ನಡ ಸಾಹಿತ್ಯದ ನಡುಮನೆಗೆ ತಂದ ಕೀರ್ತಿ ಅವರದು.