ಸಾವಿರ ದಂಪತಿ, ಒಂದು ವರ್ಷ: ಉಳ್ಳಾಲದಲ್ಲಿ ಕುಳಿತು ಹಾಕಿದ ಗರ್ಭನಿರೋಧಕಗಳ ಲೆಕ್ಕ

ವರ್ಷಕ್ಕೆ 13 ರೂಪಾಯಿ. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ತಂದುಕೊಡುವ ಮಾಲಾ-ಎನ್ ಮಾತ್ರೆಗೆ ಉಳ್ಳಾಲದ ಒಂದು ಸಂಸಾರಕ್ಕೆ ಬೀಳುವ ಖರ್ಚು ಇಷ್ಟೇ. ಕೇಂದ್ರ ಸರ್ಕಾರ 2011ರಲ್ಲಿ ಶುರುಮಾಡಿದ ಮನೆಬಾಗಿಲ ಯೋಜನೆಯಲ್ಲಿ ಒಂದು ಋತುಚಕ್ರದ ಮಾತ್ರೆಪಟ್ಟಿಗೆ 1 ರೂಪಾಯಿ, ಮೂರು ನಿರೋಧ್ (ಕಾಂಡೋಮ್) ಇರುವ ಪೊಟ್ಟಣಕ್ಕೆ 1 ರೂಪಾಯಿ, ತುರ್ತು ಮಾತ್ರೆಗೆ 2 ರೂಪಾಯಿ. ವಾರಕ್ಕೆ ಎರಡರಂತೆ ವರ್ಷಕ್ಕೆ 104 ನಿರೋಧ್ ಎಂದಿಟ್ಟುಕೊಂಡರೂ 35 ಪೊಟ್ಟಣ, 35 ರೂಪಾಯಿ. ಸರ್ಕಾರಿ ಆಸ್ಪತ್ರೆಗೆ ಹೋದರೆ ಅದೂ ಬೇಡ, ಉಚಿತ.

ಹಾಗಾದರೆ ದುಡ್ಡು ಅಡ್ಡಿಯಲ್ಲ. ಯಾವ ವಿಧಾನವನ್ನು ಯಾರು, ಯಾವಾಗ ಬಳಸುತ್ತಾರೆ ಎಂಬಲ್ಲಿಯೇ ಲೆಕ್ಕ ತಪ್ಪುತ್ತಿದೆ.

ಸಾವಿರಕ್ಕೆ ಎಷ್ಟು?

2011ರ ಜನಗಣತಿಯಲ್ಲಿ ಉಳ್ಳಾಲ ಪಟ್ಟಣದ ಜನಸಂಖ್ಯೆ 53 ಸಾವಿರ ದಾಟಿತ್ತು. ಇಲ್ಲಿಯ ಬೀಡಿ ಕಟ್ಟುವ ಮನೆಗಳಲ್ಲಿ ಮಜೂರಿಯ ಲೆಕ್ಕ ಸಾವಿರ ಬೀಡಿಗೆ ಇಷ್ಟು ಎಂದು. ಅದೇ ಅಳತೆಯನ್ನು ಇಲ್ಲೂ ಹಿಡಿಯೋಣ. ಸಾವಿರ ದಂಪತಿ ಒಂದು ವರ್ಷ ಒಂದೊಂದು ವಿಧಾನವನ್ನು ಸಾಮಾನ್ಯ ಜನ ಬಳಸುವ ಹಾಗೆ, ಅಂದರೆ ಮರೆವು, ಅವಸರ ಎಲ್ಲ ಸೇರಿಸಿ ಬಳಸಿದರೆ, ಎಷ್ಟು ಮಂದಿ ಬೇಡದೆಯೂ ಬಸಿರಾಗುತ್ತಾರೆ? ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯ ಅಂದಾಜು ಹೀಗಿದೆ:

- ಏನನ್ನೂ ಬಳಸದಿದ್ದರೆ: 850
- ಗಂಡ ಕೊನೆಗಳಿಗೆಯಲ್ಲಿ ಹಿಂದೆ ಸರಿದರೆ: 200
- ನಿರೋಧ್: 130
- ದಿನದ ಮಾತ್ರೆ: 70
- ಮೂರು ತಿಂಗಳ ಚುಚ್ಚುಮದ್ದು: 40
- ಕಾಪರ್-ಟಿ (ವಂಕಿ): 8
- ಮಹಿಳೆಯ ಆಪರೇಷನ್: 5
- ಪುರುಷನ ಆಪರೇಷನ್: 1ರಿಂದ 2

ಮಾತ್ರೆಯನ್ನು ಒಂದು ದಿನವೂ ತಪ್ಪಿಸದೆ ನುಂಗಿದರೆ 70 ಇದ್ದದ್ದು 3ಕ್ಕೆ ಇಳಿಯುತ್ತದೆ. ನಿರೋಧನ್ನು ಪ್ರತಿ ಸಲವೂ ಸರಿಯಾಗಿ ಬಳಸಿದರೆ 130 ಇದ್ದದ್ದು 20 ಆಗುತ್ತದೆ. ಪಟ್ಟಿಯಲ್ಲಿ ಕೆಳಗಿಳಿದಷ್ಟೂ ನೆನಪಿಡಬೇಕಾದ ಕೆಲಸ ಕಡಿಮೆ, ಅದಕ್ಕೇ ಸೋಲೂ ಕಡಿಮೆ.

ಕೆಲಸ ಮಾಡುವ ಬಗೆ

ಅಂಡಾಶಯದಿಂದ ಹೊರಬಂದ ಅಂಡ ಬದುಕುವುದು ಹೆಚ್ಚೆಂದರೆ ಒಂದು ದಿನ. ವೀರ್ಯಾಣು ಹೆಣ್ಣಿನ ದೇಹದಲ್ಲಿ ಐದು ದಿನದವರೆಗೂ ಜೀವ ಹಿಡಿದಿರಬಲ್ಲದು. ಇವೆರಡೂ ಸೇರದಂತೆ ನೋಡಿಕೊಳ್ಳುವುದೇ ಹೆಚ್ಚಿನ ವಿಧಾನಗಳ ಕೆಲಸ.

ಮಾಲಾ-ಎನ್ ಪಟ್ಟಿಯನ್ನು ಅಂಗೈಯಲ್ಲಿಟ್ಟು ನೋಡಿ. 28 ಮಾತ್ರೆಗಳಲ್ಲಿ ಹಾರ್ಮೋನು ಇರುವುದು 21ರಲ್ಲಿ ಮಾತ್ರ, ಉಳಿದ 7 ಕಬ್ಬಿಣಾಂಶದವು. ಒಂದು ಮಾತ್ರೆಯಲ್ಲಿ ಲೆವೊನಾರ್ಜೆಸ್ಟ್ರೆಲ್ 0.15 ಮಿಲಿಗ್ರಾಂ, ಎಥಿನೈಲ್ ಈಸ್ಟ್ರಡಯಾಲ್ 0.03 ಮಿಲಿಗ್ರಾಂ. ವರ್ಷದ 273 ಹಾರ್ಮೋನು ಮಾತ್ರೆಗಳನ್ನು ಕೂಡಿಸಿದರೂ 50 ಮಿಲಿಗ್ರಾಂ ಆಗುವುದಿಲ್ಲ. ಅಷ್ಟು ಸಾಕು, ಅಂಡ ಹೊರಬರುವುದು ನಿಲ್ಲುತ್ತದೆ. ಹೆರಿಗೆಯಾಗಿ ಆರು ತಿಂಗಳೊಳಗೆ ಹಾಲೂಡಿಸುತ್ತಿರುವವರಿಗೆ, ಅಧಿಕ ರಕ್ತದೊತ್ತಡ ಇರುವವರಿಗೆ ಇದು ಬೇಡ.

ಛಾಯಾ ಎಂಬ ಇನ್ನೊಂದು ಮಾತ್ರೆಯಲ್ಲಿ ಹಾರ್ಮೋನೇ ಇಲ್ಲ. ಇದು ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದ 30 ಮಿಲಿಗ್ರಾಂ ಮಾತ್ರೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಮೊದಲ ವರ್ಷಕ್ಕೆ ಸುಮಾರು 65, ಮುಂದಿನ ವರ್ಷದಿಂದ 52. ಹಾಲೂಡಿಸುವ ತಾಯಿಗೂ ಆಗುತ್ತದೆ.

ಮೂರು ತಿಂಗಳ ಚುಚ್ಚುಮದ್ದಿನ ಹೆಸರು ಅಂತರಾ; ಒಂದು ಸಲಕ್ಕೆ 150 ಮಿಲಿಗ್ರಾಂ, ವರ್ಷಕ್ಕೆ ನಾಲ್ಕು. ನಿಲ್ಲಿಸಿದ ಮೇಲೆ ಬಸಿರಾಗಲು ಕೆಲವು ತಿಂಗಳು ತಡವಾಗಬಹುದು, ಇದನ್ನು ಮೊದಲೇ ತಿಳಿದಿರಬೇಕು.

ಕಾಪರ್-ಟಿ 380ಎ ಎಂಬುದು ಬೆರಳ ಗೆಣ್ಣಿನಷ್ಟಿರುವ ಪ್ಲಾಸ್ಟಿಕ್ ವಂಕಿ. ಅದಕ್ಕೆ ಸುತ್ತಿದ ತಾಮ್ರದ ಮೇಲ್ಮೈ 380 ಚದರ ಮಿಲಿಮೀಟರ್, ಹೆಸರಿನ ಸಂಖ್ಯೆ ಬಂದದ್ದು ಅಲ್ಲಿಂದ. ಆ ತಾಮ್ರ ವೀರ್ಯಾಣುವಿನ ಕಸುವು ಕಳೆಯುತ್ತದೆ. ಒಮ್ಮೆ ಹಾಕಿದರೆ 10 ವರ್ಷ. ಹೆರಿಗೆಯಾದ 48 ಗಂಟೆಯೊಳಗೂ ಹಾಕಿಸಿಕೊಳ್ಳಬಹುದು. ಮೊದಲ ಮೂರರಿಂದ ಆರು ತಿಂಗಳು ಮುಟ್ಟಿನ ಸ್ರಾವ, ನೋವು ಹೆಚ್ಚಬಹುದು. ಬೇಕೆಂದಾಗ ತೆಗೆಸಬಹುದು.

ಎಚ್‌ಐವಿ ಮುಂತಾದ ಸೋಂಕಿಗೂ ತಡೆಯಾಗುವುದು ನಿರೋಧ್ ಒಂದೇ.

ಒಂದೇ ಬುಟ್ಟಿಗೆ ಬಿದ್ದ ಭಾರ

ಇಷ್ಟೆಲ್ಲ ಕೈಗೆಟಕುವಂತಿದ್ದೂ ಕರ್ನಾಟಕ ಆರಿಸಿಕೊಂಡದ್ದು ಯಾವುದನ್ನು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ವಿವಾಹಿತ ದಂಪತಿಗಳಲ್ಲಿ ಶೇ. 68.7 ಮಂದಿ ಯಾವುದಾದರೊಂದು ವಿಧಾನ ಬಳಸುತ್ತಾರೆ. ಆ 68.7ರಲ್ಲಿ ಮಹಿಳೆಯ ಆಪರೇಷನ್ ಒಂದೇ 57.4. ಅಂದರೆ ಬಳಸುವ ಪ್ರತಿ ಆರರಲ್ಲಿ ಐದು ಮನೆಗಳಲ್ಲಿ ಭಾರ ಹೊತ್ತಿರುವುದು ಹೆಂಡತಿಯ ಹೊಟ್ಟೆಯ ಹೊಲಿಗೆ. ಪುರುಷರ ಆಪರೇಷನ್ ನೂರಕ್ಕೆ ಒಂದೂ ಇಲ್ಲ. ದೇಶದ ಲೆಕ್ಕವೂ ಹೀಗೆಯೇ: ಮಹಿಳೆಯರ ಶೇ. 37.9ರ ಎದುರು ಪುರುಷರ ಶೇ. 0.3.

ದೇಹದ ಲೆಕ್ಕ ಇದಕ್ಕೆ ತಿರುಗುಮುರುಗು. ಮಹಿಳೆಯ ಆಪರೇಷನ್‌ಗೆ ಹೊಟ್ಟೆ ತೆರೆಯಬೇಕು. ಪುರುಷನದ್ದು ಚರ್ಮದಲ್ಲಿ ಸಣ್ಣ ತೂತು, ಆ ಜಾಗಕ್ಕಷ್ಟೇ ಅರಿವಳಿಕೆ, ಹೊಲಿಗೆ ಇಲ್ಲ, ಅದೇ ದಿನ ಮನೆಗೆ. ವೀರ್ಯಾಣು ಬರುವ ನಾಳವನ್ನಷ್ಟೇ ಕತ್ತರಿಸುವುದರಿಂದ ಗಂಡಸುತನಕ್ಕೆ, ದುಡಿಮೆಯ ಶಕ್ತಿಗೆ ಏನೂ ಆಗುವುದಿಲ್ಲ. ಪಾಲಿಸಬೇಕಾದದ್ದು ಒಂದೇ: ಮೂರು ತಿಂಗಳು ಬೇರೆ ವಿಧಾನ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳುವುದು. ಕೇಂದ್ರದ 2007ರ ಯೋಜನೆ ಪುರುಷನ ಆಪರೇಷನ್‌ಗೆ 1,100 ರೂಪಾಯಿ ಪರಿಹಾರ ಇಟ್ಟಿತು, ಬಡ ಮಹಿಳೆಗೆ ಇಟ್ಟದ್ದು 600. ಹಣ ಹೆಚ್ಚಿಟ್ಟರೂ ಗಂಡಸರು ಬರಲಿಲ್ಲ.

ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಆದೇಶಿಸಿದ್ದು 1930ರಲ್ಲಿ. ಆಗ ಉಳ್ಳಾಲ ಮದ್ರಾಸ್ ಪ್ರಾಂತ್ಯದಲ್ಲಿದ್ದುದರಿಂದ ಆ ಆದೇಶ ಇಲ್ಲಿಗೆ ಅನ್ವಯಿಸಲಿಲ್ಲ. ಇಂದು ಇದೇ ತಾಲ್ಲೂಕಿನ ದೇರಳಕಟ್ಟೆಯಲ್ಲಿ ವೈದ್ಯಕೀಯ ಕಾಲೇಜುಗಳೇ ಇವೆ. ವೈದ್ಯರಿಗೆ, ಮದ್ದಿಗೆ ಇಲ್ಲಿ ಬರವಿಲ್ಲ.

ಇನ್ನು ಬೇಕಾದದ್ದು ಮನೆಯೊಳಗಿನ ಒಂದು ಮಾತು. ಮದುವೆಯಾದ ಹೊಸತರಲ್ಲಿ ಮಾತ್ರೆಯೋ ನಿರೋಧೋ, ಮೊದಲ ಹೆರಿಗೆಯ ಬಳಿಕ ವಂಕಿಯೋ ಛಾಯಾವೋ, ಮಕ್ಕಳು ಸಾಕೆನಿಸಿದ ಮೇಲೆ ಆಪರೇಷನ್ ಯಾರಿಗೆ ಎಂಬುದನ್ನು ಇಬ್ಬರೂ ಕೂತು ತೀರ್ಮಾನಿಸಬೇಕು. ಮುಂದಿನ ಸಲ ಆಶಾ ಕಾರ್ಯಕರ್ತೆ ಚೀಲ ಹಿಡಿದು ಜಗಲಿಗೆ ಬಂದಾಗ ಗಂಡನೂ ಎದ್ದು ಹೋಗದೆ ಅಲ್ಲೇ ಕೂರಲಿ.